ಬೆಳಕಿನ ಲೆಕ್ಕ

ಸವದತ್ತಿಯ ಎಲ್ಲಮ್ಮನ ಗುಡ್ಡದ ಮೇಲೆ ನಿಂತು ಸಂಜೆಯ ಹೊತ್ತಿನಲ್ಲಿ ಸುತ್ತಲೂ ಕಣ್ಣು ಹಾಯಿಸುವವರಿಗೆ ಸೊಗಸಾದ ನೋಟವೊಂದು ದೊರೆಯುತ್ತದೆ. ಒಂದು ಕಡೆ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ಮಲಪ್ರಭೆಯ ನೀರು ರೇಣುಕಾಸಾಗರವಾಗಿ ಹರಡಿಕೊಂಡಿದೆ. ಉಳಿದ ಕಡೆಗಳಲ್ಲಿ ಕಣ್ಣು ದಣಿಯುವವರೆಗೂ ಎರೆಯ ಹೊಲಗಳು. ಹೊತ್ತು ಮುಳುಗಿ ಕತ್ತಲು ಕವಿಯುತ್ತಿದ್ದಂತೆ ದೂರದ ಹಳ್ಳಿಗಳಲ್ಲಿ ಒಂದೊಂದಾಗಿ ದೀಪಗಳು ಕಣ್ಣು ತೆರೆಯುತ್ತವೆ.

ನಾಲ್ಕೈದು ದಶಕಗಳ ಹಿಂದೆ ಇದೇ ಗುಡ್ಡದಿಂದ ನೋಡಿದವರು ಬಣ್ಣದಿಂದಲೇ ದೀಪದ ಜಾತಿಯನ್ನು ಹೇಳಬಹುದಾಗಿತ್ತು. ಕೆಂಪಗೆ ಮಿಣುಕುವುದು ಚಿಮಣಿ. ನಸುಹಳದಿಯಾಗಿ ಅಲುಗದೆ ನಿಂತದ್ದು ವಿದ್ಯುತ್ತಿನ ಬಲ್ಬು. ಎಲ್ಲೋ ಒಂದು ಕಡೆ, ಅಡತಿ ಅಂಗಡಿಯಲ್ಲಿಯೋ ಉಳ್ಳವರ ಪಡಸಾಲೆಯಲ್ಲಿಯೋ, ಹಾಲಿನಂತೆ ಬೆಳ್ಳಗೆ ಹೊಳೆಯುವುದು ಟ್ಯೂಬ್‌ಲೈಟು. ಈಗ ಹಳ್ಳಿಯ ಬೀದಿಯೂ ಬಹುಮಟ್ಟಿಗೆ ಬೆಳ್ಳಗಾಗಿದೆ. ಈ ಬದಲಾವಣೆ ಬರಿಯ ಬಣ್ಣದ್ದಲ್ಲ. ಒಂದು ಹಿಡಿ ಬೆಳಕಿಗಾಗಿ ಮನುಷ್ಯ ಎಷ್ಟು ಶಕ್ತಿಯನ್ನು ಸುಡಬೇಕು ಎಂಬ ಲೆಕ್ಕವೇ ಇದರಿಂದ ತಲೆಕೆಳಗಾಗಿದೆ.

ಹಿಂದಿನ ಕಾಲದಲ್ಲಿ ಈ ಲೆಕ್ಕ ಬಹಳ ಬಿಗಿಯಾಗಿತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಎದುರು ಥ್ಯಾಕರೆ ಮಡಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ರಾಣಿ ಚೆನ್ನಮ್ಮನ ಆ ಅರಮನೆಯಲ್ಲಿ ರಾತ್ರಿಯ ಹೊತ್ತು ಉರಿಯುತ್ತಿದ್ದುದು ಎಣ್ಣೆಯ ದೀಪ. ಸೀಮೆಎಣ್ಣೆ ಈ ನಾಡನ್ನು ಕಾಣಲು ಇನ್ನೂ ಹಲವು ದಶಕಗಳು ಕಳೆಯಬೇಕಾಗಿತ್ತು. ಹಾಳಾಗಿ ನಿಂತಿರುವ ಆ ಅರಮನೆಯಲ್ಲಿ ಧ್ರುವ ನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಮಾಡಿದ ಕಿಂಡಿಯೊಂದನ್ನು ಪ್ರವಾಸಿಗರಿಗೆ ಇಂದಿಗೂ ತೋರಿಸುತ್ತಾರೆ. ಅರಮನೆಯ ಸ್ಥಿತಿಯೇ ಹೀಗಿದ್ದಾಗ ಒಕ್ಕಲಿಗನ ಮನೆಯ ಮಾತೇನು? ಕುಸುಬಿಯ ಎಣ್ಣೆ, ಔಡಲೆಣ್ಣೆ ಹಣತೆಗೆ ಬೀಳುತ್ತಿದ್ದವು. ಒಗ್ಗರಣೆಗೆ ಬೇಕಾದ ಎಣ್ಣೆಯನ್ನೇ ಕತ್ತಲಿಗೂ ಹಂಚಬೇಕಾಗಿದ್ದುದರಿಂದ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವುದು ಮನೆಯ ರೂಢಿಯಾಗಿತ್ತು. ದೀಪ ಹಚ್ಚುವುದು ದೇವರಿಗೆ ಕೈಮುಗಿಯಲು, ದನಗಳಿಗೆ ಮೇವು ಹಾಕಲು, ಹಾಸಿಗೆ ಹಾಸಲು, ಓದಲು ಅಲ್ಲ.

ಸೀಮೆಎಣ್ಣೆ ಬಂದಿತು, ಅದರೊಡನೆ ಚಿಮಣಿ, ಕಂದೀಲು ಬಂದವು. ಚಿಮಣಿ ಎಂಬುದು ತಗಡಿನ ಬುಡ್ಡಿ ಮತ್ತು ಒಂದು ಬತ್ತಿ, ಅಷ್ಟೇ. ಗೋಡೆಯ ಗೂಡಿನಲ್ಲಿ ಇಟ್ಟರೆ ಗೂಡಿನ ನೆತ್ತಿಗೆ ಕಾಡಿಗೆ ಹಿಡಿಯುತ್ತಿತ್ತು. ಬೆಳಗ್ಗೆ ಎದ್ದ ಮಕ್ಕಳ ಮೂಗಿನ ಹೊಳ್ಳೆಗಳೂ ಕಪ್ಪಾಗಿರುತ್ತಿದ್ದವು. ಕಂದೀಲಿಗೆ ಗಾಜಿನ ಬುರುಡೆ ಇದ್ದುದರಿಂದ ಅದರ ಜ್ವಾಲೆ ಗಾಳಿಗೆ ಅಲುಗದೆ ನಿಂತು ಹೆಚ್ಚು ಬೆಳಕು ಕೊಡುತ್ತಿತ್ತು. ಆ ಗಾಜನ್ನು ಬೂದಿ ಹಚ್ಚಿ ಒರೆಸಿ ಬೆಳಗುವುದು ಸಂಜೆಯ ದಿನಗೆಲಸಗಳಲ್ಲಿ ಒಂದಾಗಿತ್ತು.

ಇವು ಬಡವರ ದೀಪಗಳು, ಆದುದರಿಂದ ಅಗ್ಗದ ದೀಪಗಳು ಎಂದು ಯಾರಾದರೂ ತಿಳಿಯಬಹುದು. ಲೆಕ್ಕ ಹಾಕಿ ನೋಡಿದರೆ ಸಂಗತಿ ಬೇರೆಯೇ ಆಗಿದೆ. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು ಹತ್ತು ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅಡಗಿದೆ. ಕಂದೀಲೊಂದು ಒಂದು ಲೀಟರ್ ಎಣ್ಣೆಯನ್ನು ನಲವತ್ತು ಗಂಟೆಗಳಲ್ಲಿ ಕುಡಿದು ಮುಗಿಸಿತೆಂದರೆ, ಅದು ಉರಿಯುತ್ತಿರುವಷ್ಟು ಹೊತ್ತೂ 250 ವ್ಯಾಟ್ ಶಕ್ತಿಯನ್ನು ಖರ್ಚು ಮಾಡುತ್ತಿದೆ ಎಂದಾಯಿತು. ಇದಕ್ಕೆ ಪ್ರತಿಯಾಗಿ ಅದು ಕೊಡುವ ಬೆಳಕಾದರೋ, ಒಂದು ಸಣ್ಣ ವಿದ್ಯುತ್ ಬಲ್ಬಿನ ಎಂಟನೆಯ ಒಂದು ಪಾಲಿನಷ್ಟೂ ಇರಲಾರದು. ಉಳಿದ ಶಕ್ತಿಯೆಲ್ಲ ಬಿಸಿಯಾಗಿ, ಹೊಗೆಯಾಗಿ ಗಾಳಿಗೆ ಹೋಗುತ್ತದೆ. ಅತಿ ಕಡಿಮೆ ಬೆಳಕು ಕಂಡ ಮನೆಯೇ ಆ ಬೆಳಕಿಗೆ ಅತಿ ಹೆಚ್ಚಿನ ಬೆಲೆ ತೆರುತ್ತಿತ್ತು.

ಅದೇ ಸೀಮೆಎಣ್ಣೆ ಬೇರೆ ರೀತಿಯಲ್ಲಿ ಉರಿದರೆ ಏನಾಗುತ್ತದೆ ಎಂಬುದನ್ನು ಈ ಸೀಮೆಯ ಜನ ಆಟದ ಅಟ್ಟದ ಮೇಲೆ ಕಂಡಿದ್ದರು. ಬೈಲಹೊಂಗಲದ ನೆಲದಲ್ಲಿ ಹುಟ್ಟಿದ ‘ಸಂಗ್ಯಾ ಬಾಳ್ಯಾ’ದಂಥ ಸಣ್ಣಾಟಗಳು ರಾತ್ರಿಯಿಡೀ ನಡೆಯುವಂಥವು. ಅಟ್ಟದ ಎರಡೂ ಬದಿಗೆ ಗ್ಯಾಸಬತ್ತಿಗಳನ್ನು ತೂಗುಹಾಕುತ್ತಿದ್ದರು. ಗ್ಯಾಸಬತ್ತಿಯಲ್ಲಿ ಜ್ವಾಲೆಯೇ ಬೆಳಕು ಕೊಡುವುದಿಲ್ಲ. ಪಂಪಿನಿಂದ ಒತ್ತಡ ಕೊಟ್ಟಾಗ ಎಣ್ಣೆ ಆವಿಯಾಗಿ ಉರಿಯುತ್ತದೆ. ಆ ಉರಿಯ ಕಾವಿಗೆ ರೇಷ್ಮೆಯ ಚೀಲದಂತಹ ಬಲೆಯೊಂದು ಬೆಳ್ಳಗೆ ಕಾದು ಝಗ್ಗನೆ ಹೊಳೆಯುತ್ತದೆ. ಒಂದೇ ಅಳತೆಯ ಎಣ್ಣೆಯಿಂದ ಚಿಮಣಿಗಿಂತ ಹಲವು ಪಟ್ಟು ಹೆಚ್ಚು ಬೆಳಕನ್ನು ಅದು ಪಡೆಯುತ್ತದೆ. ಬೆಳಕಿನ ಪ್ರಮಾಣ ಉರುವಲಿಗಿಂತ ಹೆಚ್ಚಾಗಿ ಅದನ್ನು ಬೆಳಕಾಗಿಸುವ ಬಗೆಯನ್ನು ಅವಲಂಬಿಸಿದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ವಿದ್ಯುತ್ತಿನ ಕಥೆಗೆ ಬರೋಣ. ಪಕ್ಕದ ಗೋಕಾಕದ ಜಲಪಾತದ ಬಲದಿಂದ ಹತ್ತಿಯ ಗಿರಣಿ ನಡೆಯತೊಡಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿಯೇ. ಅತ್ತ ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆದರೆ ತಂತಿ ಕಂಬಗಳು ಹಳ್ಳಿಯವರೆಗೆ ಬರಲು, ಬಂದ ಮೇಲೂ ಕಂಬದಿಂದ ಗುಡಿಸಲಿನ ಒಳಗೆ ಇಳಿಯಲು ಬಹಳ ಕಾಲ ಹಿಡಿಯಿತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಕರ್ನಾಟಕದಲ್ಲಿ ‘ಭಾಗ್ಯಜ್ಯೋತಿ’ ಎಂಬ ಯೋಜನೆ ಆರಂಭವಾಯಿತು. ಬಡವರ ಮನೆಗೆ ಒಂದು ದೀಪ, ಅದು 40 ವ್ಯಾಟಿನದು. ಇದು ಅದರ ನಿಯಮ. ಮುಂದೆ ಅದಕ್ಕೆ ತಿಂಗಳಿಗೆ 18 ಯೂನಿಟ್ಟುಗಳ ಮಿತಿಯೂ ಇತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತಲಿನ ಹಳ್ಳಿಗಳಲ್ಲಿಯೂ ಎಷ್ಟೋ ಮನೆಗಳು ವಿದ್ಯುತ್ತನ್ನು ಮೊದಲು ಕಂಡದ್ದು ಹೀಗೆ, ಒಂದೇ ಒಂದು ಬಲ್ಬಿನ ರೂಪದಲ್ಲಿ.

ಮನೆಗೆ ಒಂದೇ ಬಲ್ಬು ಎಂದ ಮೇಲೆ ಅದನ್ನು ಎಲ್ಲಿ ತೂಗುಹಾಕಬೇಕು ಎಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಪಡಸಾಲೆಯಲ್ಲಿ ಹಾಕಿದರೆ ಅಡುಗೆಮನೆ ಕತ್ತಲೆ. ಅಡುಗೆಮನೆಯಲ್ಲಿ ಹಾಕಿದರೆ ಬಂದವರು ಕತ್ತಲಲ್ಲಿ ಕೂಡಬೇಕು. ಜಾಣರು ಒಂದು ಉಪಾಯ ಕಂಡುಕೊಂಡರು. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ, ಆಳೆತ್ತರಕ್ಕಿಂತ ತುಸು ಮೇಲೆ, ಕಿಂಡಿಯೊಂದನ್ನು ಕೊರೆದು ಅದರಲ್ಲಿ ಬಲ್ಬನ್ನು ಇಳಿಬಿಟ್ಟರು. ಅರ್ಧ ಬೆಳಕು ಇತ್ತ, ಅರ್ಧ ಬೆಳಕು ಅತ್ತ. ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಿ ತನ್ನ ನೆರಳಿನಲ್ಲಿಯೇ ಕುಳಿತು ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಮಗ್ಗಿ ಕಲಿಯುವ ಹುಡುಗ ಪಾಟಿಯನ್ನು ಬೆಳಕಿನ ಕಡೆಗೆ ಓರೆಮಾಡಿ ಹಿಡಿಯುತ್ತಿದ್ದ.

ಇಷ್ಟು ಎಚ್ಚರದಿಂದ ಹಂಚಿಕೊಂಡ ಆ ಬೆಳಕನ್ನು ಕೊಡುತ್ತಿದ್ದ ಬಲ್ಬು ಮಾತ್ರ ದೊಡ್ಡ ದುಂದುಗಾರ. 1879ರಲ್ಲಿ ಎಡಿಸನ್ನನು ರೂಪಿಸಿದ ದೀಪದ ತತ್ತ್ವವೇ ಅದರದೂ. ಕೂದಲಿಗಿಂತ ಸಣ್ಣ ಟಂಗ್‌ಸ್ಟನ್ ತಂತುವಿನಲ್ಲಿ ವಿದ್ಯುತ್ತು ಹರಿದಾಗ ಅದು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಕಾದದ್ದು ಹೊಳೆಯುತ್ತದೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಾಗಿ ಹೊಳೆಯುವುದೂ ಇದೇ ಬಗೆಯಲ್ಲಿ. ಆದರೆ ಹೀಗೆ ಕಾದ ವಸ್ತು ಹೊರಸೂಸುವ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಭಾಗ ನೂರಕ್ಕೆ ಐದರಷ್ಟು ಮಾತ್ರ. 40 ವ್ಯಾಟಿನ ಬಲ್ಬಿನಲ್ಲಿ 38 ವ್ಯಾಟ್ ಬಿಸಿಯಾಗಿ ಹೋಗಿ, ಎರಡು ವ್ಯಾಟ್ ಬೆಳಕಾಗಿ ಉಳಿಯುತ್ತದೆ. ಕೋಳಿಮರಿಗಳನ್ನು ಬೆಚ್ಚಗಿಡಲು ಇದೇ ಬಲ್ಬನ್ನು ಬಳಸುತ್ತಾರೆಂಬುದನ್ನು ನೆನೆದರೆ, ಇದನ್ನು ದೀಪವೆನ್ನುವುದಕ್ಕಿಂತ ಸ್ವಲ್ಪ ಬೆಳಕನ್ನೂ ಕೊಡುವ ಒಲೆಯೆನ್ನುವುದೇ ಸರಿ ಎನಿಸುತ್ತದೆ.

ಇಲ್ಲಿ ಜನಬಳಕೆಯ ಒಂದು ತಪ್ಪನ್ನು ತಿದ್ದಿಕೊಳ್ಳಬೇಕು. ಅಂಗಡಿಗೆ ಹೋದವರು ‘ನಲವತ್ತು ಕ್ಯಾಂಡಲಿನ ಬಲ್ಬು ಕೊಡಿ’ ಎನ್ನುತ್ತಿದ್ದರು. ಅವರು ಹೇಳುತ್ತಿದ್ದುದು ನಿಜವಾಗಿ ವ್ಯಾಟು. ವ್ಯಾಟ್ ಎಂಬುದು ದೀಪ ತಿನ್ನುವ ಶಕ್ತಿಯ ಅಳತೆ. ಅದು ಕೊಡುವ ಬೆಳಕಿನ ಅಳತೆ ಲ್ಯುಮೆನ್. ಒಲೆಗೆ ಎಷ್ಟು ಕಟ್ಟಿಗೆ ಇಟ್ಟರೆಂಬುದನ್ನು ಕೇಳಿ ಎಷ್ಟು ರೊಟ್ಟಿ ಬೆಂದವೆಂದು ಹೇಳಲು ಬರುವುದಿಲ್ಲ, ಇದೂ ಹಾಗೆಯೇ. ‘ಝೀರೋ ಬಲ್ಬು’ ಎಂದು ಹೆಸರಾದ ರಾತ್ರಿಯ ದೀಪವೂ ಸೊನ್ನೆಯನ್ನೇನೂ ತಿನ್ನುತ್ತಿರಲಿಲ್ಲ. ಸುಮಾರು 15 ವ್ಯಾಟ್ ತಿಂದು ಸದ್ದಿಲ್ಲದೆ ಇರುತ್ತಿತ್ತು. 40 ವ್ಯಾಟಿನ ಬಲ್ಬು ಕೊಡುವುದು ಹೆಚ್ಚುಕಡಿಮೆ 400 ಲ್ಯುಮೆನ್, ಎಂದರೆ ವ್ಯಾಟಿಗೆ ಹತ್ತು.

ಅದೂ ವಿದ್ಯುತ್ತಿನ ಒತ್ತಡ ಸರಿಯಾಗಿದ್ದಾಗ. ಸಂಜೆ ಹೊಲದ ಬಾವಿಗಳ ಮೇಲೆ ಪಂಪುಗಳು ನಡೆಯುವಾಗ ಹಳ್ಳಿಯ ಮನೆಗಳಲ್ಲಿ 230 ವೋಲ್ಟ್ ಇರಬೇಕಾದುದು 180ಕ್ಕೆ ಇಳಿಯುವುದುಂಟು. ಆಗ ಬಲ್ಬು ತಿನ್ನುವ ಶಕ್ತಿ ಮೂರರಲ್ಲಿ ಎರಡು ಪಾಲಿಗೆ ಇಳಿದರೆ, ಬೆಳಕು ಅರ್ಧಕ್ಕಿಂತಲೂ ಕೆಳಗೆ ಕುಸಿಯುತ್ತದೆ. ತಂತು ಕೆಂಪಗಿನ ನೂಲಿನಂತೆ ಕಾಣುತ್ತದೆ; ಪುಸ್ತಕದ ಅಕ್ಷರ ಕಾಣುವುದಿಲ್ಲ. ಮನೆಯವರು ಮತ್ತೆ ಕಂದೀಲು ಹಚ್ಚುತ್ತಿದ್ದರು. ಮೇಲೆ ಬಲ್ಬು, ಕೆಳಗೆ ಕಂದೀಲು. ಎರಡಕ್ಕೂ ಖರ್ಚು, ಎರಡರಿಂದಲೂ ಅರೆಬೆಳಕು.

ಟ್ಯೂಬ್‌ಲೈಟು ಬೇರೆ ದಾರಿ ಹಿಡಿದ ದೀಪ. ಅದು ಕಾದು ಹೊಳೆಯುವುದಿಲ್ಲ. ಗಾಜಿನ ಕೊಳವೆಯೊಳಗಿನ ಪಾದರಸದ ಆವಿಯಲ್ಲಿ ವಿದ್ಯುತ್ತು ಹರಿದಾಗ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಹೊಮ್ಮುತ್ತವೆ. ಕೊಳವೆಯ ಒಳಮೈಗೆ ಬಳಿದ ಬಿಳಿಯ ಪುಡಿ ಅವನ್ನು ಹೀರಿಕೊಂಡು ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ. ನಾಲ್ಕು ಅಡಿಯ 40 ವ್ಯಾಟಿನ ಹಳೆಯ ಕೊಳವೆ ಎರಡು ಸಾವಿರಕ್ಕೂ ಮಿಕ್ಕಿ ಲ್ಯುಮೆನ್ ಕೊಡುತ್ತಿತ್ತು. ಅದರ ಚೋಕು ತಾನೂ ಹತ್ತು ಹನ್ನೆರಡು ವ್ಯಾಟ್ ತಿನ್ನುತ್ತಿತ್ತೆಂಬುದನ್ನು ಸೇರಿಸಿದರೂ ಬಲ್ಬಿಗಿಂತ ನಾಲ್ಕು ಪಟ್ಟು ಲಾಭ. ಆದರೆ ಒತ್ತಡ ಇಳಿದ ಸಂಜೆ ಅದು ಹೊತ್ತಿಕೊಳ್ಳಲಾರದೆ ಸ್ಟಾರ್ಟರಿನ ಟಿಕ್ ಟಿಕ್ ಸದ್ದಿನೊಡನೆ ಮಿಣುಕುತ್ತ ಮನೆಮಂದಿಯ ತಾಳ್ಮೆಯನ್ನು ಪರೀಕ್ಷಿಸುತ್ತಿತ್ತು. ಆಮೇಲೆ ಬಂದ ಸಿ.ಎಫ್.ಎಲ್. ಎಂಬುದು ಇದೇ ಕೊಳವೆಯನ್ನು ಮಡಿಸಿ ಸುತ್ತಿ ಬಲ್ಬಿನ ಹೋಲ್ಡರಿಗೆ ಹೊಂದಿಸಿದ ರೂಪ. ವ್ಯಾಟಿಗೆ ಐವತ್ತು ಅರವತ್ತು ಲ್ಯುಮೆನ್ ಕೊಟ್ಟ ಈ ದೀಪ ಕೆಲಕಾಲ ಮೆರೆದು ಮರೆಯಾಯಿತು. ಒಡೆದರೆ ಒಳಗಿನ ಪಾದರಸ ಹೊರಬರುತ್ತದೆಂಬ ಭಯವೂ ಅದಕ್ಕೆ ಅಂಟಿಕೊಂಡಿತ್ತು.

ಎಲ್.ಇ.ಡಿ. ದೀಪದಲ್ಲಿ ತಂತುವೂ ಇಲ್ಲ, ಆವಿಯೂ ಇಲ್ಲ. ಅರೆವಾಹಕ ವಸ್ತುವಿನ ಒಂದು ಚೂರಿನಲ್ಲಿ ವಿದ್ಯುತ್ ಕಣಗಳು ಮೇಲಿನ ಶಕ್ತಿಸ್ಥಿತಿಯಿಂದ ಕೆಳಕ್ಕೆ ಇಳಿಯುವಾಗ ನೇರವಾಗಿ ಬೆಳಕನ್ನೇ ಹೊರಚೆಲ್ಲುತ್ತವೆ. ಕೆಂಪು ಬೆಳಕಿನ ಚೂರು 1962ರಷ್ಟು ಹಿಂದೆಯೇ ಸಿದ್ಧವಾಗಿತ್ತು. ನೀಲಿ ಮಾತ್ರ ಮೂರು ದಶಕ ಸತಾಯಿಸಿತು. ನೀಲಿಯಿಲ್ಲದೆ ಬಿಳಿಯ ಬೆಳಕು ಬಾರದು. ಬಿಳಿಯ ಬೆಳಕಿಲ್ಲದೆ ಅದು ಮನೆಯ ದೀಪವಾಗದು. ಅಕಸಾಕಿ, ಅಮಾನೋ, ನಕಾಮುರಾ ಎಂಬ ಮೂವರು ವಿಜ್ಞಾನಿಗಳು ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನ ಬೆನ್ನುಬಿಡದೆ ದುಡಿದು ಈ ಗಂಟನ್ನು ಬಿಡಿಸಿದರು; 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ನೀಲಿ ಚೂರಿನ ಮೇಲೆ ಹಳದಿ ಬೆಳಕು ಕೊಡುವ ಪುಡಿಯನ್ನು ಲೇಪಿಸಿದರೆ ಎರಡೂ ಕೂಡಿ ಕಣ್ಣಿಗೆ ಬಿಳಿಯಾಗಿ ಕಾಣುತ್ತವೆ. ಉರಿಯದಿರುವ ಎಲ್.ಇ.ಡಿ. ಬಲ್ಬಿನ ಮೇಲಿನ ಟೋಪಿಯನ್ನು ತೆಗೆದು ನೋಡಿದರೆ ಅರಿಶಿನದ ಬೊಟ್ಟುಗಳಂತೆ ಕಾಣುವುದು ಆ ಲೇಪವೇ.

ಒಂಬತ್ತು ವ್ಯಾಟಿನ ಇಂತಹ ಬಲ್ಬು ಸುಮಾರು 900 ಲ್ಯುಮೆನ್ ಬೆಳಕು ಕೊಡುತ್ತದೆ. ಒತ್ತಡ 180 ವೋಲ್ಟಿಗೆ ಇಳಿದರೂ ಒಳ್ಳೆಯ ಬಲ್ಬಾದರೆ ಅದರ ಒಳಗಿನ ಸಣ್ಣ ಮಂಡಲ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಮೊದಮೊದಲು ಇದರ ಬೆಲೆ ಕೇಳಿದವರು ಹೌಹಾರಿ ಹಿಂದೆ ಸರಿಯುತ್ತಿದ್ದರು. 2014ರ ಆರಂಭದಲ್ಲಿ ಸರಕಾರ ಸಗಟಾಗಿ ಕೊಂಡಾಗಲೇ ಬಲ್ಬೊಂದಕ್ಕೆ 310 ರೂಪಾಯಿ ಬಿದ್ದಿತ್ತು. 2016ರಲ್ಲಿ ಅದು 40 ರೂಪಾಯಿಗಿಂತ ಕೆಳಗಿಳಿಯಿತು. 2015ರಲ್ಲಿ ದೇಶದಾದ್ಯಂತ ಆರಂಭವಾದ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆಗಳನ್ನು ಸೇರಿದವು. ಕರ್ನಾಟಕದಲ್ಲಿ ಆ ಯೋಜನೆಗೆ ‘ಹೊಸ ಬೆಳಕು’ ಎಂಬ ಹೆಸರಿತ್ತು.

ಈಗ ಒಂದು ಬಲ್ಬಿನ ಮನೆಗೆ ಹಿಂತಿರುಗಿ ಕಾಗದದ ಮೇಲೆ ಲೆಕ್ಕ ಮಾಡಬಹುದು. ಹಳೆಯ 40 ವ್ಯಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ 200 ವ್ಯಾಟ್-ಗಂಟೆ. ತಿಂಗಳಿಗೆ ಆರು ಯೂನಿಟ್. ಅದರ ಜಾಗದಲ್ಲಿ 9 ವ್ಯಾಟಿನ ಎಲ್.ಇ.ಡಿ. ಇಟ್ಟರೆ ತಿಂಗಳಿಗೆ 1.35 ಯೂನಿಟ್ ಸಾಕು. ಬೆಳಕು ಎರಡರಷ್ಟಕ್ಕಿಂತ ಹೆಚ್ಚು. ಇದು ಉಳಿತಾಯದ ಲೆಕ್ಕ, ಎಲ್ಲರೂ ಹೇಳುವಂಥದು. ಇನ್ನೊಂದು ಲೆಕ್ಕವೂ ಇದೆ. ನಾಲ್ಕು ಎಲ್.ಇ.ಡಿ. ಬಲ್ಬುಗಳು ಕೂಡಿ ತಿನ್ನುವುದು 36 ವ್ಯಾಟ್. ಅಂದರೆ ಹಿಂದೆ ಒಂದು ದೀಪಕ್ಕೆಂದು ಗೊತ್ತುಮಾಡಿದ್ದ ಶಕ್ತಿಯಲ್ಲಿಯೇ ಪಡಸಾಲೆಗೆ ಒಂದು, ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು, ದನದ ಕೊಟ್ಟಿಗೆಗೆ ಒಂದು ದೀಪ ಉರಿಯುತ್ತದೆ. ಆಗಲೂ ನಾಲ್ಕು ವ್ಯಾಟ್ ಮಿಗುತ್ತದೆ. 400 ಲ್ಯುಮೆನ್ ಇದ್ದದ್ದು 3,600 ಆಗುತ್ತದೆ. ಸಿರಿವಂತರ ಮನೆಗೆ ಇದರಿಂದ ಬಿಲ್ಲಿನಲ್ಲಿ ಕೆಲವು ರೂಪಾಯಿ ಉಳಿದೀತು. ಬಡವರ ಮನೆಯಲ್ಲಿ ಒಲೆಯ ಮುಂದಿನ ಕತ್ತಲೆ ಹೋಗುತ್ತದೆ. ಕೊಟ್ಟಿಗೆಯಲ್ಲಿ ಕಾಲಿಡುವ ಮೊದಲು ಹಾವೋ ಹಗ್ಗವೋ ಕಾಣುತ್ತದೆ. ಲಾಭ ಒಂದೇ ಅಂಕಿಯಲ್ಲಿ ಬರೆದರೂ ಅದು ಎರಡೂ ಮನೆಗಳಲ್ಲಿ ಒಂದೇ ಅಲ್ಲ.

ಹಳೆಯ ಬಲ್ಬಿನ ಪರವಾಗಿಯೂ ಒಂದು ಮಾತು ಹೇಳಬೇಕು. ರಾಮದುರ್ಗದ ನೇಕಾರರ ಓಣಿಗಳಲ್ಲಿ ಅದನ್ನು ಚೆನ್ನಾಗಿ ಬಲ್ಲರು. ಮಗ್ಗದ ಮೇಲೆ ಹಾಸಿನ ಸಾವಿರಾರು ಎಳೆಗಳು ಬಿಗಿದು ನಿಂತಿರುತ್ತವೆ. ಲಾಳಿ ಓಡುತ್ತಿರುವಾಗ ಒಂದೆಳೆ ಹರಿದರೂ ಕೂಡಲೇ ಕಾಣಬೇಕು, ಇಲ್ಲವಾದರೆ ಬಟ್ಟೆಯಲ್ಲಿ ಗೀರು ಬೀಳುತ್ತದೆ, ಕೂಲಿ ಮುರಿಯುತ್ತದೆ. ಆದುದರಿಂದ ನೇಕಾರನಿಗೆ ಬೆಳಕೆಂಬುದು ಲಾಳಿಯಂತೆಯೇ ಒಂದು ಸಲಕರಣೆ. ಎಳೆ ಕಾಣಲು ಎಲ್.ಇ.ಡಿ.ಯ ಬಿಳಿ ಬೆಳಕು ಒಳ್ಳೆಯದೇ. ಆದರೆ ಬಣ್ಣದ ವಿಷಯದಲ್ಲಿ ಅಗ್ಗದ ಎಲ್.ಇ.ಡಿ.ಗಳು ಮೋಸ ಮಾಡುತ್ತವೆ. ಅವುಗಳ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಕುಂಕುಮದ ಕೆಂಪು ಕಂದಾಗಿ ಕಂಡೀತು. ಕಾದು ಹೊಳೆಯುವ ಹಳೆಯ ಬಲ್ಬಿನ ಬೆಳಕಿನಲ್ಲಾದರೋ ನೀಲಿ ಕಡಿಮೆಯಾದರೂ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಎಲ್ಲಿಯೂ ಕಡಿಯದೆ ಇರುತ್ತವೆ. ಬೈಲಹೊಂಗಲದ ಬಟ್ಟೆಯ ಅಂಗಡಿಗೆ ಹೋದ ಅನುಭವಸ್ಥ ಹೆಂಗಸರು ಯಾವ ದೀಪವನ್ನೂ ನಂಬದೆ ಸೀರೆಯ ಸೆರಗನ್ನು ಬಾಗಿಲಿಗೆ ತಂದು ಬಿಸಿಲಿನಲ್ಲಿ ಹಿಡಿದು ನೋಡುವುದು ಇದಕ್ಕಾಗಿಯೇ.

ಬಿಸಿಲಿನ ಮಾತು ಬಂದುದರಿಂದ ಇನ್ನೊಂದು ದೀಪವನ್ನೂ ನೆನೆಯಬೇಕು. ಎರೆನಾಡಿನ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮೇಲ್ಛಾವಣಿಗೆ ಬೆಳಕಿಂಡಿ ಇರುತ್ತದೆ. ಅದರಿಂದ ಇಳಿದ ಬಿಸಿಲಿನ ಕೋಲು ಸುಣ್ಣ ಬಳಿದ ಗೋಡೆಗೆ ತಾಗಿ ಮನೆಯೆಲ್ಲ ಹರಡುತ್ತಿತ್ತು. ಅದಕ್ಕೆ ಯೂನಿಟ್ಟೂ ಇಲ್ಲ, ಬಿಲ್ಲೂ ಇಲ್ಲ. ಕಾಂಕ್ರೀಟಿನ ಹೊಸ ಮನೆಗಳಲ್ಲಿ ಈ ಕಿಂಡಿಯನ್ನು ಮರೆತು ಮಟಮಟ ಮಧ್ಯಾಹ್ನ ದೀಪ ಹಾಕಿಕೊಂಡು ಕೂಡುವವರೂ ಇದ್ದಾರೆ. ಅವರ ದೀಪ ಎಷ್ಟೇ ಮಿತವ್ಯಯಿಯಾಗಿರಲಿ, ಈ ಲೆಕ್ಕದಲ್ಲಿ ಅಜ್ಜನ ಮನೆಯೇ ಗೆಲ್ಲುತ್ತದೆ.

ಹೊಸ ದೀಪವೂ ದೋಷವಿಲ್ಲದ್ದಲ್ಲ. ಅದರ ಒಳಗಿನ ಮಂಡಲ ಬಿಸಿಯನ್ನು ಸಹಿಸದು. ಗಾಳಿಯಾಡದ ಗಾಜಿನ ಗುಮ್ಮಟದಲ್ಲಿ ಮುಚ್ಚಿಟ್ಟರೆ ಬೇಗ ಸಾಯುತ್ತದೆ. ಪೊಟ್ಟಣದ ಮೇಲಿನ ವ್ಯಾಟನ್ನಷ್ಟೇ ನೋಡಿ, ಲ್ಯುಮೆನ್ನನ್ನೂ ನಕ್ಷತ್ರದ ಗುರುತನ್ನೂ ನೋಡದೆ ಸಂತೆಯಲ್ಲಿ ಅಗ್ಗಕ್ಕೆ ಕೊಂಡವರು ಹಲವು ಸಲ ಪಶ್ಚಾತ್ತಾಪ ಪಡುತ್ತಾರೆ. ಇನ್ನು ‘ಹೇಗೂ ಒಂಬತ್ತು ವ್ಯಾಟು ತಾನೆ’ ಎಂದು ಹಗಲುರಾತ್ರಿ ಉರಿಯಲು ಬಿಡುವ ಉದಾಸೀನವೂ ಬೆಳೆದಿದೆ. 2023ರಲ್ಲಿ ರಾಜ್ಯ ಸರಕಾರ ‘ಗೃಹಜ್ಯೋತಿ’ ಯೋಜನೆಯಡಿ, ಪ್ರತಿಯೊಂದು ಮನೆಯ ಹಿಂದಿನ ಸರಾಸರಿ ಬಳಕೆಯನ್ನು ನೋಡಿ, ತಿಂಗಳಿಗೆ 200 ಯೂನಿಟ್ಟುಗಳ ಒಳಗೆ ಶುಲ್ಕವಿಲ್ಲದೆ ವಿದ್ಯುತ್ತು ಕೊಡಲು ಆರಂಭಿಸಿತು. ಬಿಲ್ಲಿನಲ್ಲಿ ಸೊನ್ನೆ ಕಂಡ ಮೇಲೆ ದೀಪ ಆರಿಸುವವರಾರು ಎಂದು ಕೆಲವರು ಕೇಳಿದರು. ಆದರೆ ಶಾಖ ಕೇಂದ್ರದಲ್ಲಿ ಒಂದು ಯೂನಿಟ್ ತಯಾರಿಸಲು ಅರ್ಧ ಕಿಲೋಗ್ರಾಮಿಗೂ ಹೆಚ್ಚು ಕಲ್ಲಿದ್ದಲು ಉರಿಯುತ್ತದೆ. ಮನೆಯ ಬಿಲ್ಲಿನಲ್ಲಿ ಏನೇ ಬರೆದಿದ್ದರೂ ಆ ಇದ್ದಲಿನ ತೂಕ ಕಡಿಮೆಯಾಗುವುದಿಲ್ಲ.

ಎರಡು ಕೋಣೆಗಳಿಗೆ ಒಂದೇ ಬಲ್ಬಿದ್ದ ಕಾಲದ ಮನೆಗಳು ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಅಂತಹ ಮನೆಯಲ್ಲಿ ಈಗ ಪಡಸಾಲೆಗೂ ಅಡುಗೆಮನೆಗೂ ಬೇರೆ ಬೇರೆ ದೀಪಗಳಿವೆ. ರೊಟ್ಟಿ ಬಡಿಯುವವಳ ನೆರಳು ಅವಳ ಹಿಂದಿನ ಗೋಡೆಗೆ ಸರಿದಿದೆ. ನಡುಗೋಡೆಯ ಕಿಂಡಿಯನ್ನು ಮಾತ್ರ ಯಾರೂ ಮುಚ್ಚಿಲ್ಲ. ಅದರ ಅಂಚಿಗೆ ಹಳೆಯ ಬಲ್ಬಿನ ಕಾವು ತಾಗಿ ಸುಣ್ಣ ಕಂದಿದ ಗುರುತು ಇನ್ನೂ ಇದೆ. ಈಗ ಆ ಕಿಂಡಿಯಲ್ಲಿ ಮಕ್ಕಳು ಕಂಪಾಸು ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ.